ಪಿಯುಸಿ ಫೇಲಾದವರು, ಶಾಲೆ ಬಿಟ್ಟವರು: ಯುವಕ ಮಂಡಲ ಏನು ಮಾಡಬಹುದು?

ಪ್ರಶ್ನೆ (ಮಲ್ಪೆಯಿಂದ): ನಮ್ಮೂರಲ್ಲಿ ಪಿಯುಸಿ ಫೇಲಾಗಿ ಮನೇಲಿ ಕೂತವರು, ಎಸ್ಸೆಸ್ಸೆಲ್ಸಿ ಬಿಟ್ಟು ಬೋಟಿಗೆ ಹೋಗುವವರು ಜಾಸ್ತಿ. ಈ ವರ್ಷ ವಾರ್ಷಿಕೋತ್ಸವದ ಖರ್ಚು ಇಳಿಸಿ ಇವರಿಗೆ ಏನಾದರೂ ಮಾಡೋಣ ಅಂತಿದ್ದೇವೆ. ಉದ್ಯೋಗ ಮೇಳ ಇಡಿ ಅನ್ನುತ್ತಾರೆ ಕೆಲವರು. ಯಾರ ಜೊತೆ ಕೈ ಜೋಡಿಸಿದರೆ ಪ್ರಯೋಜನ? ಮಾಡಿ ನೋಡಿದವರು ಹೇಳಿ.

ಉಡುಪಿಯ ನಿವೃತ್ತ ಶಿಕ್ಷಕಿ: ಫೇಲಾದವರಿಗೆ ಮೊದಲು ಪರೀಕ್ಷೆ ಕಟ್ಟಿಸಿ. ಎಸ್ಸೆಸ್ಸೆಲ್ಸಿಗೂ ಪಿಯುಸಿಗೂ ಅದೇ ವರ್ಷ ಮತ್ತೆ ಬರೆಯುವ ಅವಕಾಶ ಇದೆ. ನಾವು ಮಂಡಲದ ಕಟ್ಟಡವನ್ನು ಸಂಜೆ ತೆರೆದಿಟ್ಟೆವು. ಬಿ.ಎಡ್. ಓದುವ ಹುಡುಗಿ ಗಣಿತ ಹೇಳಿಕೊಟ್ಟಳು. ಅಂಕ ಚೆನ್ನಾಗಿದ್ದು ದುಡ್ಡೇ ತೊಂದರೆ ಆದವರಿಗೆ ಉಡುಪಿಯ ಯಕ್ಷಗಾನ ಕಲಾರಂಗದ ವಿದ್ಯಾಪೋಷಕ್ ಅನ್ನುವ ವಿದ್ಯಾರ್ಥಿವೇತನ ಇದೆ. ಅವರು ಮನೆಗೇ ಬಂದು ಪರಿಸ್ಥಿತಿ ನೋಡಿ ಆರಿಸುತ್ತಾರೆ.

ಮಂಗಳೂರಿನ ಬೈಕಂಪಾಡಿ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡುವವರು: ಮೇಳ ಬೇಡ ಮಾರಾಯ್ರೇ. ನಾವೂ ಇಟ್ಟಿದ್ದೆವು. ಬಂದ ಕಂಪನಿಗಳಿಗೆ ಡಿಗ್ರಿಯವರು ಬೇಕಿತ್ತು. ನಮ್ಮ ಹುಡುಗರು ಬಯೋಡೇಟಾ ಕೊಟ್ಟು ಊಟ ಮಾಡಿ ಬಂದರು, ಅಷ್ಟೇ. ಡಿಗ್ರಿ ಆದವರನ್ನು ಮೂಡುಬಿದಿರೆಯ ಆಳ್ವಾಸ್ ಪ್ರಗತಿ ಉದ್ಯೋಗ ಮೇಳಕ್ಕೆ ಕಳಿಸಿ, ಅದರ ಗಾತ್ರವೇ ಬೇರೆ.

ಆಮೇಲೆ ನಾವು ಊರಿನವರೇ ಆದ ಒಬ್ಬ ಸೂಪರ್‌ವೈಸರ್‌ನ ಹಿಡಿದು ಹುಡುಗರನ್ನು ಫ್ಯಾಕ್ಟರಿ ಒಳಗೆ ಕರೆದುಕೊಂಡು ಹೋದೆವು. ವೆಲ್ಡಿಂಗ್ ನೋಡಿದ ಮೇಲೆ ಐಟಿಐ ಬಗ್ಗೆ ಅವರೇ ಕೇಳಿದರು. ಐಟಿಐಯಲ್ಲಿ ವೆಲ್ಡರ್ ಟ್ರೇಡಿಗೆ ಎಂಟನೇ ಕ್ಲಾಸ್ ಪಾಸಾದರೆ ಸಾಕು, ಒಂದೇ ವರ್ಷ. ಎಷ್ಟೋ ತಂದೆತಾಯಿಗೆ ಇದು ಗೊತ್ತೇ ಇಲ್ಲ! ಎಸ್ಸೆಸ್ಸೆಲ್ಸಿ ಆದವರಿಗೆ ಇಲ್ಲೇ ಜಿಟಿಟಿಸಿ ಅನ್ನುವ ಸರ್ಕಾರಿ ತರಬೇತಿ ಕೇಂದ್ರದಲ್ಲಿ ಟೂಲ್ ಅಂಡ್ ಡೈ (ಫ್ಯಾಕ್ಟರಿಯ ಅಚ್ಚು, ಉಪಕರಣ ಮಾಡುವ ಕೆಲಸ) ಡಿಪ್ಲೊಮಾ ಇದೆ. ಐಟಿಐ ಮುಗಿಸಿದವರು ಅಪ್ರೆಂಟಿಸ್ ಆಗಿ ಸೇರಬಹುದು. 1961ರ ಅಪ್ರೆಂಟಿಸ್ ಕಾಯ್ದೆ ಪ್ರಕಾರ ಸ್ಟೈಪೆಂಡ್ ಕೊಡಲೇಬೇಕು.

ಆದರೆ ಸೇರಿಸಿದರೆ ಮುಗೀತು ಅಂದುಕೊಳ್ಳಬೇಡಿ. ಹುಡುಗರು ಬಿಡೋದು ಮೊದಲ ತಿಂಗಳಲ್ಲೇ. ಸಂಬಳ ಕೈಗೆ ಬರುವ ತನಕ ಬಸ್ಸಿಗೆ, ಊಟಕ್ಕೆ, ಸೇಫ್ಟಿ ಶೂಸಿಗೆ ದುಡ್ಡು ಇರೋದಿಲ್ಲ. ಮನೇಲಿ ಕೇಳೋಕೆ ನಾಚಿಕೆ. ಮಂಡಲದ ದುಡ್ಡನ್ನು ನಾವು ಇದಕ್ಕೇ ಸಾಲ ಕೊಟ್ಟೆವು. ಕೆಲವರು ವಾಪಸ್ ಕೊಡಲಿಲ್ಲ, ಇರಲಿ ಬಿಡಿ. ಒಬ್ಬ ಹಿರಿಯ ಹುಡುಗ ವಾರಕ್ಕೊಮ್ಮೆ ಫೋನ್ ಮಾಡಿ ವಿಚಾರಿಸುತ್ತಿದ್ದ. ನನ್ನ ಕೇಳಿದರೆ ಕಂಪನಿಯ ಲೆಟರ್‌ಗಿಂತ ಈ ಫೋನೇ ದೊಡ್ಡದು.

ಬೆಳ್ತಂಗಡಿ ಕಡೆಯ ಎಸಿ ಮೆಕ್ಯಾನಿಕ್: ಸ್ವಂತ ಕೆಲಸ ಬೇಕು ಅನ್ನುವವರನ್ನು ಉಜಿರೆಯ ರುಡ್‌ಸೆಟ್ ಅನ್ನುವ ಸ್ವಉದ್ಯೋಗ ತರಬೇತಿ ಸಂಸ್ಥೆಗೆ ಕಳಿಸಿ. ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕು ಸೇರಿ 1982ರಲ್ಲಿ ಶುರು ಮಾಡಿದ್ದು. ತರಬೇತಿ, ಊಟ, ವಸತಿ ಎಲ್ಲ ಉಚಿತ. 18 ತುಂಬಿರಬೇಕು. ಬ್ಯಾಂಕಿನವರೇ ಜೊತೆಗಿರುವುದರಿಂದ ಸಾಲಕ್ಕೆ ಎಲ್ಲಿ, ಹೇಗೆ ಹೋಗಬೇಕು ಅನ್ನೋದು ಅಲ್ಲೇ ತಿಳಿಯುತ್ತದೆ.

ಮಲ್ಪೆಯ ಬೋಟ್ ಮಾಲಕರು: ನಮ್ಮನ್ನೂ ಸೇರಿಸಿಕೊಳ್ಳಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟುಗಳಿಗೆ ನಿಷೇಧ, ಹುಡುಗರು ಖಾಲಿ ಇರುತ್ತಾರೆ. ಸಣ್ಣ ತರಬೇತಿ ಏನಿದ್ದರೂ ಆಗಲೇ ಇಡಿ. ಆಗಸ್ಟಿನಲ್ಲಿ ಕಡಲಿಗೆ ಇಳಿದರೆ ಕೈಗೆ ಸಿಗುವ ಕಾಸಿನ ಮುಂದೆ ಸ್ಟೈಪೆಂಡ್ ಸಣ್ಣದಾಗಿ ಕಾಣುತ್ತದೆ, ತಪ್ಪಲ್ಲ ಅಲ್ವಾ? ಮೇ ತಿಂಗಳಲ್ಲೇ ನಮ್ಮ ಹತ್ತಿರ ಬಂದು ಮಾತಾಡಿದರೆ ಯಾರನ್ನು ಬಿಡಬಹುದು ಅಂತ ಹೇಳುತ್ತೇವೆ. ಇನ್ನೊಂದು, ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಲ್ಲಿ ಇನ್ನೊಂದು ಇನಿಶಿಯಲ್ ಇದ್ದವರು ಬಹಳ ಜನ. ಅದನ್ನು ಅಡ್ಮಿಷನ್ ಶುರುವಾಗುವ ಮೊದಲೇ ಸರಿ ಮಾಡಿಸಿ.