ಸ್ಪೈನ್ ಎಂಆರ್‌ಐ ನಾರ್ಮಲ್, ಆದರೂ ಎಡಗಾಲು ಮಾತು ಕೇಳುತ್ತಿಲ್ಲ. ಎಂಎಸ್ (ಮಲ್ಟಿಪಲ್ ಸ್ಕ್ಲೆರೋಸಿಸ್) ಇರುವವರು ದಯವಿಟ್ಟು ಹೇಳಿ

ಬನಶಂಕರಿ_ಬಸ್:
ಸಾಕಾಗಿ ಹೋಗಿದೆ. ಎಂಎಸ್, ಅಂದರೆ ಮೆದುಳು, ಬೆನ್ನುಹುರಿಯ ನರಗಳ ಹೊದಿಕೆ ಹಾಳಾಗಿ ಅಲ್ಲಲ್ಲಿ ಕಲೆ ಬೀಳೋ ಕಾಯಿಲೆ, ಅಂತ ಗೊತ್ತಾಗಿ ಎರಡು ವರ್ಷ ಆಯಿತು. ಆಗ ಕಣ್ಣು ಮಂಜಾಗಿತ್ತು, ಸ್ಟೀರಾಯ್ಡ್ ಕೊಟ್ಟ ಮೇಲೆ ಸರಿಹೋಯಿತು. ಈಗ ಹತ್ತು ದಿನದಿಂದ ಎಡಗಾಲು ಭಾರ. ನಿನ್ನೆ ಮೆಜೆಸ್ಟಿಕ್ ಮೆಟ್ರೋ ಮೆಟ್ಟಿಲಲ್ಲಿ ಎಡಗಾಲಿನ ಚಪ್ಪಲಿ ಕಳಚಿ ಬಿದ್ದಿದೆ, ನನಗೆ ಗೊತ್ತೇ ಆಗಲಿಲ್ಲ. ಹಿಂದೆ ಬರುತ್ತಿದ್ದ ಹುಡುಗಿ "ಆಂಟಿ, ಚಪ್ಪಲಿ" ಅಂತ ಎತ್ತಿಕೊಟ್ಟಳು. ಮೆದುಳಿನ ಎಂಆರ್‌ಐಯಲ್ಲಿ ಹೊಸ ಕಲೆ ಇಲ್ಲ. ಸ್ಪೈನ್ ನಾರ್ಮಲ್. ಹಾಗಾದರೆ ಇದೇನು? ಮನೆಯವರು ಟೆನ್ಷನ್ ಅಂತಾರೆ.

ಫಿಲ್ಟರ್_ಕಾಫಿ:
ಬಿ12 ನೋಡಿಸಿದ್ರಾ? ಅದು ಕಮ್ಮಿಯಾದರೆ ಬೆನ್ನುಹುರಿಯ ಹಿಂಭಾಗಕ್ಕೇ ಪೆಟ್ಟು.

ಬನಶಂಕರಿ_ಬಸ್:
ನೋಡಿಸಿದೆ. 480, ಸರಿಯಾಗಿದೆ.

ಫಿಲ್ಟರ್_ಕಾಫಿ:
ಆ ನಂಬರ್ ಒಂದನ್ನೇ ನಂಬಬೇಡಿ. ಮಿಥೈಲ್ ಮಲೋನಿಕ್ ಆಸಿಡ್ ಕೂಡ ನೋಡಿಸಿ, ಬಿ12 ಸಾಲದಿದ್ದರೆ ರಕ್ತದಲ್ಲಿ ಅದು ಏರುತ್ತೆ. ನನ್ನ ಅತ್ತಿಗೆಗೂ ಹೀಗೇ ಆಗಿತ್ತು.

ಹಳೇ_ರೇಡಿಯೋ:
ಎಂಆರ್‌ಐ ಮೆಷಿನ್ನಿನ ಅಯಸ್ಕಾಂತದ ಶಕ್ತಿ 1.5 ಟೆಸ್ಲಾನಾ 3 ಟೆಸ್ಲಾನಾ? ನಾನು ಯಾವಾಗಲೂ 3ರಲ್ಲೇ ಮಾಡಿಸೋದು.

ಜಯನಗರ_ನಾಲ್ಕನೇ_ಬ್ಲಾಕ್:
ಮೆದುಳಿಗೆ 3 ಒಳ್ಳೆಯದು, ಒಪ್ಪಿದೆ. ಬೆನ್ನುಹುರಿಗೆ 1.5 ಸಾಕು. ಉಸಿರಾಡಿದರೆ, ಉಗುಳು ನುಂಗಿದರೆ ಚಿತ್ರ ಕಲಸಿಹೋಗುತ್ತೆ, 3ರಲ್ಲಿ ಆ ಕಾಟ ಜಾಸ್ತಿ ಆಗಬಹುದು. ಅದಿರಲಿ, ಮೇಡಂ, ಸ್ಪೈನ್ ಅಂದರೆ ಯಾವ ಭಾಗ?

ಹಳೇ_ರೇಡಿಯೋ:
ಸಾಕು ಅನ್ನೋದು ಬೇರೆ, ಚೆನ್ನಾಗಿರೋದು ಬೇರೆ ಸಾರ್.

ಬನಶಂಕರಿ_ಬಸ್:
ರಿಪೋರ್ಟ್‌ನಲ್ಲಿ ಎಲ್‌ಎಸ್ ಸ್ಪೈನ್ ಅಂತಿದೆ. ಕಾಲಿನ ತೊಂದರೆ ಅಲ್ವಾ, ಸೊಂಟದ್ದು ತೆಗೆದರು.

ಜಯನಗರ_ನಾಲ್ಕನೇ_ಬ್ಲಾಕ್:
ಅಲ್ಲೇ ಇದೆ ನೋಡಿ. ದೊಡ್ಡವರಲ್ಲಿ ಬೆನ್ನುಹುರಿ ಸೊಂಟದ ಮೊದಲನೇ ಎಲುಬಿನ ಹತ್ತಿರ, ಎಲ್1 ಅಂತಾರಲ್ಲ, ಅಲ್ಲಿಗೇ ಮುಗಿಯುತ್ತೆ. ಕೆಳಗಿರೋದು ಕುದುರೆ ಬಾಲದ ಹಾಗೆ ಇಳಿದ ನರಗಳು. ನಿಮ್ಮ ಫಿಲ್ಮಿನಲ್ಲಿ ಹುರಿಯ ತುದಿ ಬಿಟ್ಟರೆ ಏನೂ ಬಂದಿಲ್ಲ. ಎಂಎಸ್ ಕಲೆ ಹೆಚ್ಚಾಗಿ ಬರೋದು ಕತ್ತಿನಲ್ಲಿ, ಕಾಲಿನ ನರತಂತುಗಳೆಲ್ಲ ಕತ್ತಿನ ಮೂಲಕವೇ ಹೋಗಬೇಕು. ಬಲಗಾಲು ಪೂರ್ತಿ ಸರಿ ಇದೆಯಾ?

ಬನಶಂಕರಿ_ಬಸ್:
ಶಕ್ತಿ ಇದೆ. ಆದರೆ ಸ್ನಾನ ಮಾಡುವಾಗ ಒಂದೇ ಮಗ್ ನೀರು ಎಡಗಾಲಿಗೆ ಸುಡುತ್ತೆ, ಬಲಗಾಲಿಗೆ ಬಿಸಿ ಅನ್ನಿಸೋದೇ ಇಲ್ಲ. ಗೀಸರ್ ಸರಿ ಇಲ್ಲ ಅಂದುಕೊಂಡು ಸುಮ್ನಿದ್ದೆ. ಹಾಂ, ಎಡಗೈಯಲ್ಲಿ ಸೀರೆಗೆ ಪಿನ್ ಹಾಕೋಕೂ ಆಗ್ತಿಲ್ಲ.

ಜಯನಗರ_ನಾಲ್ಕನೇ_ಬ್ಲಾಕ್:
ಇದನ್ನ ಮೊದಲೇ ಹೇಳಬೇಕಿತ್ತು! ಕಾಲು ಎಲ್ಲಿದೆ ಅನ್ನೋ ಅರಿವು, ಕಾಲಿನ ಶಕ್ತಿ, ಇವೆರಡರ ತಂತುಗಳು ಹುರಿಯಲ್ಲಿ ಆ ಕಾಲಿರುವ ಪಕ್ಕದಲ್ಲೇ ಓಡುತ್ತವೆ. ಬಿಸಿ ಮತ್ತು ನೋವಿನ ತಂತು ಮಾತ್ರ ಹುರಿಯೊಳಗೆ ಬಂದ ಕೂಡಲೇ ಆಚೆ ಪಕ್ಕಕ್ಕೆ ದಾಟುತ್ತೆ. ಎಡಗಡೆ ಒಂದೇ ಕಲೆ ಬಿದ್ದರೆ ಎಡಗಾಲು ಜಾರುತ್ತೆ, ಬಲಗಾಲಿಗೆ ಬಿಸಿ ತಿಳಿಯಲ್ಲ. ಕೈಗೂ ಬಂದಿದೆ ಅಂದರೆ ಕತ್ತಿನದೇ ಇರಬೇಕು. ತಲೆ ಬಗ್ಗಿಸಿದರೆ ಬೆನ್ನಲ್ಲಿ ಕರೆಂಟ್ ಹೊಡೆದ ಹಾಗೆ ಆಗುತ್ತಾ?

ಬನಶಂಕರಿ_ಬಸ್:
ಆಗುತ್ತೆ. ರಂಗೋಲಿ ಹಾಕುವಾಗ ದಿನಾ.

ಫಿಲ್ಟರ್_ಕಾಫಿ:
ಕರೆಂಟ್ ಬಿ12 ಕಮ್ಮಿ ಇದ್ದರೂ ಬರುತ್ತೆ.

ಜಯನಗರ_ನಾಲ್ಕನೇ_ಬ್ಲಾಕ್:
ಬರುತ್ತೆ, ಸುಳ್ಳಲ್ಲ. ಆದರೆ ಬಿ12 ಸಾಮಾನ್ಯವಾಗಿ ಎರಡೂ ಕಾಲನ್ನು ಒಟ್ಟಿಗೆ ಹಿಡಿಯುತ್ತೆ. ಮೇಡಂ, ಇವತ್ತೇ ನ್ಯೂರೋ ಡಾಕ್ಟರಿಗೆ ಮಗ್‌ನ ವಿಷಯ ಹೇಳಿ. ಬಿಸಿನೀರನ್ನು ಮನೆಯವರ ಕೈಯಲ್ಲಿ ನೋಡಿಸಿ, ಕಲೆ ಕತ್ತಿನಲ್ಲಿದ್ದರೆ ಬಲಗೈಗೂ ಬಿಸಿ ತಿಳಿಯದಿರಬಹುದು, ಅದನ್ನೂ ನಂಬಬೇಡಿ.

ಹಳೇ_ರೇಡಿಯೋ:
ಬೇಸಿಗೆಗೆ ನನ್ನ ಹತ್ತಿರ ಐಸ್ ಪ್ಯಾಕ್ ಇಡೋ ಜಾಕೆಟ್ ಇದೆ, ತಾರಸಿಗೆ ಬಿಳಿ ಬಣ್ಣ, ಕೋಣೆ 24 ಡಿಗ್ರಿ. ಮೈ ಬಿಸಿಯಾದರೆ ಹಳೇ ಕಲೆಗಳೂ ಕೆಣಕುತ್ತವೆ. ಮೈ ದಣಿದರೆ ಕಣ್ಣು ಮಂಜಾಗುತ್ತೆ ಅಂತ ಉಹ್ಟಾಫ್ ಅನ್ನೋ ಜರ್ಮನ್ ಕಣ್ಣಿನ ಡಾಕ್ಟರ್ 1890ರಲ್ಲೇ ಬರೆದಿಟ್ಟಿದ್ದಾರೆ. ಜಾಕೆಟ್ ಬೇಕಾದರೆ ಕೇಳಿ.

ಬನಶಂಕರಿ_ಬಸ್:
ಕತ್ತಿನ ಎಂಆರ್‌ಐ ಆಯಿತು. ಸಿ3, ಅಂದರೆ ಕತ್ತಿನ ಮೂರನೇ ಎಲುಬಿನ ಹತ್ತಿರ ಎಡಕ್ಕೆ ಒಂದು ಕಲೆ, ಒಂದು ಎಲುಬಿನಷ್ಟೂ ಉದ್ದ ಇಲ್ಲ, ಕಾಂಟ್ರಾಸ್ಟ್ (ಸ್ಕ್ಯಾನ್ ಮಾಡುವಾಗ ಚುಚ್ಚೋ ಔಷಧಿ) ಹಿಡಿದಿದೆ. ಮೆದುಳಲ್ಲಿ ಒಂಬತ್ತು ಇದ್ದರೂ ಏನೂ ಆಗಿಲ್ಲ, ಇದೊಂದಕ್ಕೆ ಇಷ್ಟೊಂದಾ?

ಜಯನಗರ_ನಾಲ್ಕನೇ_ಬ್ಲಾಕ್:
ಹುರಿ ಕಿರುಬೆರಳಿನಷ್ಟು ದಪ್ಪ. ಅಷ್ಟರಲ್ಲೇ ಕೈ, ಕಾಲು, ಮೂತ್ರಕೋಶ ಎಲ್ಲದರ ತಂತುಗಳೂ ಒತ್ತೊತ್ತಾಗಿ ಹೋಗಬೇಕು. ಮೆದುಳಿನಲ್ಲಿ ಜಾಗ ಇದೆ, ಕಲೆ ಬಿದ್ದರೂ ಎಷ್ಟೋ ಸಲ ಗೊತ್ತಾಗಲ್ಲ. ಕಾಂಟ್ರಾಸ್ಟ್ ಹಿಡಿದಿದೆ ಅಂದರೆ ಕಲೆ ಹೊಸದು. ಮೂರು ಎಲುಬಿನುದ್ದ ಇದ್ದಿದ್ದರೆ ಎನ್‌ಎಂಒ (ಎಂಎಸ್ ತರಹವೇ ಕಣ್ಣಿನ ನರ, ಬೆನ್ನುಹುರಿಯನ್ನು ಹಿಡಿಯೋ ಬೇರೆ ಕಾಯಿಲೆ) ಇರಬಹುದಾ ಅಂತಲೂ ನೋಡುತ್ತಿದ್ದರು.

ಬನಶಂಕರಿ_ಬಸ್:
ಸ್ಟೀರಾಯ್ಡ್ ಡ್ರಿಪ್ ಶುರುವಾಗಿ ಎರಡನೇ ದಿನ. ಚಪ್ಪಲಿಗೆ ಹಿಂದೆ ಪಟ್ಟಿ ಹಾಕಿಸಿದೆ. ಕಲೆ ಮಾಸಿದರೆ ಬೆರಳೂ ಮೊದಲಿನ ಹಾಗೆ ಆಗುತ್ತಾ? ಯಾರಿಗಾದರೂ ಹಾಗೆ ಆಗಿದೆಯಾ?

ಹಳೇ_ರೇಡಿಯೋ:
ಮೆಷಿನ್ ಎಷ್ಟು ಟೆಸ್ಲಾ ಅಂತ ಹೇಳಲೇ ಇಲ್ಲ.