ಆರೋಗ್ಯ ಶಿಕ್ಷಣದ ಆ್ಯಪ್: ಅಂಕ ಚೆನ್ನಾಗಿದೆ, ಬಳಕೆ ಮಾತ್ರ ಆಗುತ್ತಿಲ್ಲ

ಪ್ರಶ್ನೆ (ನರ್ಸಿಂಗ್ ಸ್ನಾತಕೋತ್ತರ ವಿದ್ಯಾರ್ಥಿನಿ, ತುಮಕೂರು)

ಎಲ್ಲರಿಗೂ ನಮಸ್ಕಾರ. ಗರ್ಭಿಣಿಯರಿಗೆ ರಕ್ತಹೀನತೆಯ ಬಗ್ಗೆ ತಿಳಿವಳಿಕೆ ನೀಡುವ ಕನ್ನಡ ಆ್ಯಪ್ ಒಂದರ ಬಳಕೆ ಎಷ್ಟು ಸುಲಭ ಎಂಬುದನ್ನು ಶಿರಾ ಮತ್ತು ಪಾವಗಡ ತಾಲ್ಲೂಕುಗಳಲ್ಲಿ ಪರಿಶೀಲಿಸುವುದು ನನ್ನ ಪ್ರಬಂಧದ ವಿಷಯ. ಪೂರ್ವಭಾವಿಯಾಗಿ ಎಸ್‌ಯುಎಸ್ (ಸಿಸ್ಟಂ ಯುಸಬಿಲಿಟಿ ಸ್ಕೇಲ್, ಬಳಕೆ ಎಷ್ಟು ಸುಲಭ ಎನಿಸಿತು ಎಂದು ಕೇಳುವ) ಪ್ರಶ್ನಾವಳಿಯನ್ನು ಓದಿ ಹೇಳಿ ಉತ್ತರ ಪಡೆದಾಗ ಹೆಚ್ಚಿನವರ ಅಂಕ 80 ದಾಟಿತು. ಆದರೆ ‘ಕಬ್ಬಿಣಾಂಶದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗಬಹುದೇ ಎಂಬುದನ್ನು ಇದರಲ್ಲಿ ಹುಡುಕಿ’ ಎಂದಾಗ ಅವರಲ್ಲೇ ಹಲವರು ‘ನೀವೇ ನೋಡಿ ಹೇಳಿ ಮೇಡಂ’ ಎಂದು ಫೋನನ್ನು ನನ್ನ ಕೈಗಿತ್ತರು. ಇವೆರಡರಲ್ಲಿ ಯಾವುದನ್ನು ನಂಬಬೇಕು? ಎಸ್‌ಯುಎಸ್ ಬದಲು ಮಾರ್ಸ್ (ಮೊಬೈಲ್ ಆ್ಯಪ್ ರೇಟಿಂಗ್ ಸ್ಕೇಲ್, ಆ್ಯಪ್‌ನ ಗುಣಮಟ್ಟ ಅಳೆಯುವ) ಮಾಪಕ ಬಳಸುವುದು ಸೂಕ್ತವೇ?

ಉತ್ತರ 1 (ಸಮುದಾಯ ವೈದ್ಯಶಾಸ್ತ್ರದ ಬೋಧಕ, ಕೋಲಾರ)

ಎರಡನ್ನೂ ನಂಬಿ, ಏಕೆಂದರೆ ಅವು ಅಳೆದಿರುವುದು ಬೇರೆ ಬೇರೆ ಸಂಗತಿಗಳನ್ನು. ಬಳಕೆಯ ಸುಲಭತೆಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 9241-11 ಪರಿಣಾಮಕಾರಿತ್ವ, ದಕ್ಷತೆ ಮತ್ತು ತೃಪ್ತಿ ಎಂಬ ಮೂರನ್ನು ಪ್ರತ್ಯೇಕವಾಗಿ ನೋಡುತ್ತದೆ. ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಎಸ್‌ಯುಎಸ್‌ನ 10 ಹೇಳಿಕೆಗಳು ಬಳಸಿದವರ ಅನಿಸಿಕೆಯನ್ನಷ್ಟೇ ಹಿಡಿಯುತ್ತವೆ. ಮಾಹಿತಿ ಸಿಕ್ಕಿತೋ ಇಲ್ಲವೋ ಎಂಬುದು ಅವುಗಳ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲದೆ ಆ 80 ಎಂಬುದು 0ಯಿಂದ 100ರವರೆಗಿನ ಅಳತೆಯದಾದರೂ ಶೇಕಡಾವಾರು ಅಲ್ಲ. ಸರಾಸರಿ ಎಂದು ಸಾಮಾನ್ಯವಾಗಿ ಹಿಡಿಯುವ ಅಂಕ 68. ಬೆಸ ಸಂಖ್ಯೆಯ ಹೇಳಿಕೆಗಳು ಹೊಗಳುವಂಥವು, ಸಮ ಸಂಖ್ಯೆಯವು ತೆಗಳುವಂಥವು ಆಗಿರುವುದರಿಂದ, ಹತ್ತಕ್ಕೂ ಒಂದೇ ಉತ್ತರ ಕೊಟ್ಟವರ ಅಂಕ ಲೆಕ್ಕದಲ್ಲಿ ಸರಿಯಾಗಿ 50 ಬರುತ್ತದೆ. ಅಂಥ ಹಾಳೆಗಳಿದ್ದರೆ ಬೇರೆ ತೆಗೆದಿಟ್ಟು ನೋಡಿ. ಉಳಿದದ್ದು ದಾಕ್ಷಿಣ್ಯದ ಪ್ರಶ್ನೆ: ಆಸ್ಪತ್ರೆಯ ಮೇಡಂ ಎದುರಿಗೇ ಕುಳಿತು ಕೇಳುವಾಗ ‘ಚೆನ್ನಾಗಿಲ್ಲ’ ಎನ್ನಲು ಯಾರಿಗೆ ಮನಸ್ಸು ಬರುತ್ತದೆ?

ಮಾರ್ಸ್ (2015) 23 ಅಂಶಗಳ ಮಾಪಕ, ಅದು ತರಬೇತಿ ಪಡೆದ ಪರಿಶೀಲಕರಿಗೆಂದು ಮಾಡಿದ್ದು. ಅದನ್ನು ನೀವೂ ನಿಮ್ಮ ಸಹಪಾಠಿಯೊಬ್ಬರೂ ಪ್ರತ್ಯೇಕವಾಗಿ ತುಂಬಬಹುದು, ಹಳ್ಳಿಯ ಹೆಣ್ಣುಮಕ್ಕಳಿಂದ ತುಂಬಿಸುವಂಥದ್ದಲ್ಲ.

ಉತ್ತರ 2 (ಆ್ಯಪ್ ವಿನ್ಯಾಸಕ, ಚಿಕ್ಕಬಳ್ಳಾಪುರ)

ದೋಷಗಳನ್ನು ಪತ್ತೆಹಚ್ಚುವುದಷ್ಟೇ ಗುರಿಯಾದರೆ 5 ಜನ ಸಾಕು ಎಂದು ಬಳಕೆ ಸುಲಭತೆಯ ತಜ್ಞ ಜೇಕಬ್ ನೀಲ್ಸನ್ ಹೇಳಿದ್ದನ್ನು ಎಲ್ಲರೂ ಉದ್ಧರಿಸುತ್ತಾರೆ, ಆದರೆ ಆ ಐವರೂ ಒಂದೇ ಬಗೆಯ ಬಳಕೆದಾರರಾಗಿರಬೇಕು ಎಂಬ ಷರತ್ತನ್ನು ಬಿಟ್ಟುಬಿಡುತ್ತಾರೆ. ಸ್ವಂತ ಫೋನ್ ಇರುವವರು ಒಂದು ಗುಂಪು, ಮನೆಯವರ ಫೋನನ್ನು ಆಗೀಗ ಹಿಡಿಯುವವರು ಇನ್ನೊಂದು. ಸರಾಸರಿ ಅಂಕ ಹೇಳಬೇಕಾದರೆ ಈ ಐವರು ಸಾಲುವುದಿಲ್ಲ.

ಮನಸ್ಸಿನಲ್ಲಿ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳುತ್ತ ಬಳಸಿ ಎಂದರೆ ನಮ್ಮ ಕಡೆಯ ಹೆಂಗಸರು ಸುಮ್ಮನಾಗಿಬಿಡುತ್ತಾರೆ. ಅದರ ಬದಲು ‘ಇದನ್ನು ನಿಮ್ಮ ವಾರಗಿತ್ತಿಗೆ ತೋರಿಸಿಕೊಡಿ’ ಎಂದು ಹೇಳಿ ಪಕ್ಕಕ್ಕೆ ಸರಿದು ನಿಂತರೆ, ಎಲ್ಲಿ ಬೆರಳು ತಡೆಯುತ್ತದೆ, ಯಾವ ಗುರುತು ಅರ್ಥವಾಗುತ್ತಿಲ್ಲ ಎಂಬುದೆಲ್ಲ ಅವರ ಮಾತಿನಲ್ಲೇ ಹೊರಬರುತ್ತದೆ. ಮೂಲೆಯ ಮೂರು ಗೆರೆಗಳ ಮೆನು ಹೆಚ್ಚಿನವರ ಕಣ್ಣಿಗೇ ಬೀಳುವುದಿಲ್ಲ. ವಾಟ್ಸ್‌ಆ್ಯಪ್‌ನಿಂದ ಪರಿಚಿತವಾದ ಮೈಕಿನ ಗುರುತನ್ನು ಮಾತ್ರ ತಟ್ಟನೆ ಒತ್ತುತ್ತಾರೆ. ನಿಮ್ಮ ಕ್ಯಾಲ್ಸಿಯಂ ಮಾಹಿತಿ ಆ ಮೆನುವಿನ ಒಳಗೆ ಅಡಗಿದೆಯೇ ಎಂದು ಮೊದಲು ನೋಡಿ.

ಉತ್ತರ 3 (ಆಶಾ ಮೇಲ್ವಿಚಾರಕಿ, ಬಾಗೇಪಲ್ಲಿ)

ಮೇಡಂ, ಪರೀಕ್ಷೆಯನ್ನು ನಿಮ್ಮ ಹೊಸ ಫೋನಿನಲ್ಲಿ ಮಾಡಬೇಡಿ. ಅವರ ಮನೆಯದೇ ಫೋನ್, ಅದರ ಗಾಜು ಒಡೆದಿದ್ದರೂ ಸರಿ, ಡೇಟಾ ಮುಗಿದಿದ್ದರೂ ಸರಿ, ಅದರಲ್ಲೇ ಆ್ಯಪ್ ತೆರೆಯುತ್ತದೆಯೇ ಎಂದು ನೋಡಿ. ಪಾವಗಡದಲ್ಲೂ ನಮ್ಮಲ್ಲಿಯಂತೆ ಮನೆಮಾತು ತೆಲುಗು ಆಗಿರುವವರು ಬಹಳ ಮಂದಿ. ಕನ್ನಡ ಮಾತನಾಡಿದರೂ ಉದ್ದದ ಬರಹವನ್ನು ಓದುವುದಿಲ್ಲ, ಧ್ವನಿ ಇದ್ದರೆ ಪೂರ್ತಿ ಕೇಳುತ್ತಾರೆ. ಹಗಲು ಫೋನ್ ಯಜಮಾನರ ಜೊತೆ ಹೊಲಕ್ಕೋ ಕೆಲಸಕ್ಕೋ ಹೋಗಿರುತ್ತದೆ, ಆದ್ದರಿಂದ ಸಂಜೆಯ ಹೊತ್ತು ಹೋಗುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಒಂದು ಸಂದೇಹ ಉಳಿದಿದೆ: ಗಂಡ ಫೋನ್ ಒತ್ತುತ್ತಾರೆ, ಹೆಂಡತಿ ಪಕ್ಕದಲ್ಲಿ ಕುಳಿತು ಕೇಳುತ್ತಾರೆ ಎಂದಾದರೆ ಬಳಕೆದಾರರೆಂದು ಯಾರನ್ನು ಬರೆದುಕೊಳ್ಳಬೇಕು?

ಉತ್ತರ 1ರವರು

ಇಬ್ಬರನ್ನೂ. ಆದರೆ ಯಾರ ಕೈಯಲ್ಲಿ ಫೋನಿತ್ತು ಎಂಬುದಕ್ಕೆ ನಮೂನೆಯಲ್ಲಿ ಬೇರೆ ಕಾಲಂ ಇಡಿ. ಕೆಲಸ ಪೂರ್ತಿಯಾಯಿತೇ, ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ಫೋನ್ ಹಿಡಿದವರ ಹೆಸರಿಗೆ ಬರೆಯಿರಿ. ಎರಡು ಮಾತ್ರೆಗಳ ನಡುವೆ ಅಂತರ ಏಕೆ ಬೇಕೆಂಬ ಪ್ರಶ್ನೆಯನ್ನು ಮಾತ್ರ ಒಂದು ವಾರ ಬಿಟ್ಟು, ಆ್ಯಪ್ ತೆರೆಯದೆ, ಗರ್ಭಿಣಿಯನ್ನೇ ಕೇಳಿ. ಎಸ್‌ಯುಎಸ್ ಹಾಳೆಯನ್ನು ನೀವು ಓದಬೇಡಿ, ಆ ಮನೆಗೆ ಪರಿಚಯವಿಲ್ಲದ ಬೇರೊಬ್ಬರಿಂದ ಓದಿಸಿ.