ಸಹಾಯ ಬೇಕು: 720ರ ಪೀಕ್ ಉಳಿದ ಸಿ60ದ್ದಾ, ಒಡೆದು ಬಂದದ್ದಾ?

ಎಲ್ಲರಿಗೂ ಶರಣು. ಕಲಬುರಗಿಯಲ್ಲಿ ಕೆಮಿಸ್ಟ್ರಿ ಪಿಎಚ್‌ಡಿ ಮಾಡುತ್ತಿದ್ದೇನೆ. ಮಾಸ್ ಸ್ಪೆಕ್ಟ್ರಮ್ (ಅಯಾನುಗಳನ್ನು ತೂಕದ ಪ್ರಕಾರ ಪೀಕುಗಳಾಗಿ ತೋರಿಸುವ ನಕ್ಷೆ) ಓದಲು ಬಲ್ಲವರು ಸ್ವಲ್ಪ ದಾರಿ ತೋರಿಸಿ.

ಲಿಥಿಯಂ, ದ್ರವ ಅಮೋನಿಯಾ ಬಳಸಿ ಬರ್ಚ್ ರಿಡಕ್ಷನ್‌ನಿಂದ ಸಿ60ಗೆ (60 ಕಾರ್ಬನ್‌ಗಳ ಚೆಂಡಿನಂಥ ಅಣು, ತೂಕ 720) ಹೈಡ್ರೋಜನ್ ಸೇರಿಸಿದೆವು. ಬೇಕಾದದ್ದು ಸಿ60ಎಚ್36, ಅಂದರೆ ಪೀಕ್ 756ರಲ್ಲಿ ಬರಬೇಕು. ಯಂತ್ರ ನಮ್ಮಲ್ಲಿಲ್ಲ, ಸ್ಯಾಂಪಲ್ ಹೈದರಾಬಾದಿಗೆ ಕಳಿಸಿದೆವು. ಮಾಲ್ಡಿಯಲ್ಲಿ (ಲೇಸರ್ ಹೊಡೆದು ಅಯಾನು ಮಾಡುವ ವಿಧಾನ) 756 ಸಣ್ಣದು. ಅದರ ಕೆಳಗೆ ಎರಡೆರಡು ಕಡಿಮೆಯಾಗುತ್ತಾ ಸಾಲು ಸಾಲು ಪೀಕು, ಕೊನೆಗೆ 720 ಎಲ್ಲಕ್ಕಿಂತ ಎತ್ತರ!

ಅದು ಉಳಿದ ಸಿ60 ಅಂತ ಗೈಡ್ ಹೇಳುತ್ತಾರೆ. ಆದರೆ ಪುಡಿ ತಿಳಿ ಹಳದಿ. ಟಾಲ್ವೀನ್‌ನಲ್ಲಿ ಕರಗಿಸಿದರೆ ನೇರಳೆಯ ಸುಳಿವೂ ಇಲ್ಲ. ಅಷ್ಟು ಸಿ60 ಇದ್ದರೆ ಬಣ್ಣ ಕಾಣದೇ ಇರುತ್ತಾ? ಲೇಸರ್ ಪವರ್ ಇಳಿಸಿದಾಗ 720 ತಗ್ಗಿತು, ಪೂರ್ತಿ ಹೋಗಲಿಲ್ಲ. 70 ಇವಿ ಇಐನಲ್ಲೂ (ಆವಿಗೆ ಎಲೆಕ್ಟ್ರಾನ್ ಹೊಡೆದು ಅಯಾನು ಮಾಡುವ ವಿಧಾನ) ಅದೇ ಕಥೆ. ಅಲ್ಲಿ ಆವಿ ಮಾಡಲು ಪ್ರೋಬ್ ಕಾಯಿಸಲೇಬೇಕು, ಆ ಶಾಖಕ್ಕೇ ಹೈಡ್ರೋಜನ್ ಹೋಗಿರಬಹುದು. (ಕಲಬುರಗಿ ಬಿಸಿಲಿಗೇ ಹೋಯ್ತು ಅಂತ ಲ್ಯಾಬಿನವರ ತಮಾಷೆ. 42 ಡಿಗ್ರಿಗೆಲ್ಲ ಅದು ಬಗ್ಗಲ್ಲ.)

ಇನ್ನೊಂದು ತಲೆನೋವು ಕಾರ್ಬನ್-13, ಅಂದರೆ ಮಾಮೂಲಿ ಕಾರ್ಬನ್‌ಗಿಂತ ಒಂದು ಹೆಚ್ಚು ತೂಗುವ ಕಾರ್ಬನ್. ಬರೀ ಸಿ60 ಇದ್ದರೂ 720ರ ಶೇ. 65ರಷ್ಟು 721, ಶೇ. 21ರಷ್ಟು 722 ಬಂದೇ ಬರುತ್ತವೆ. ಸಿ60ಎಚ್2 ಕೂಡ 722ರಲ್ಲೇ. ಇದನ್ನು ಕಳೆಯದೆ ಏನೂ ಹೇಳೋಕಾಗಲ್ಲ, ಅಲ್ವಾ?

ನನ್ನ ಪ್ರಶ್ನೆ: 720 ಮೊದಲೇ ಇದ್ದದ್ದೋ, ಅಯಾನು ಆಗುವಾಗ ಒಡೆದು ಬಂದದ್ದೋ ಅಂತ ಖಚಿತ ಮಾಡಲು 756 ಅಯಾನನ್ನು ಮಾತ್ರ ಆರಿಸಿ ಎಂಎಸ್/ಎಂಎಸ್ (ಅದನ್ನೇ ಒಡೆದು ತುಂಡುಗಳ ತೂಕ ನೋಡುವುದು) ಮಾಡಿಸಲಾ, ಇಲ್ಲಾ ಎಪಿಪಿಐ (ಬೆಳಕಿನಿಂದ ಅಯಾನು ಮಾಡುವುದು) ತರಹದ, ಅಣು ಕಡಿಮೆ ಒಡೆಯುವ ಮೆದು ವಿಧಾನಕ್ಕೆ ಕೊಡಲಾ? ಸ್ಯಾಂಪಲ್ ಒಂದಕ್ಕಾಗುವಷ್ಟೇ ಉಳಿದಿದೆ.